ಆ ದಿನ ಮಳೆ ಬಂದಿರಲಿಲ್ಲ

(ಓದುಗರೊಬ್ಬರು ತಮ್ಮ ಪ್ರಬಂಧದ ಜೊತೆ ಕಳಿಸಿದ ಪತ್ರದ ಸಾರ: “ಅಮ್ಮನ ಹೊಲಿಗೆ ಯಂತ್ರ ಮಾರಿದ ದಿನದ ಬಗ್ಗೆ ಬರೆದಿದ್ದೇನೆ. ಆ ದಿನ ಮಳೆ ಬಂದಿರಲಿಲ್ಲ, ಬಂತು ಎಂದು ಬರೆದೆ. ಅಮ್ಮ ಏನೂ ಮಾತಾಡಿರಲಿಲ್ಲ, ‘ನನ್ನ ಅರ್ಧ ಜೀವವೇ ಹೋಯಿತು’ ಅಂದಳು ಎಂದು ಬರೆದೆ. ಗೆಳೆಯರ ಮುಂದೆ ಓದಿದಾಗ ಇಬ್ಬರು ಕಣ್ಣೊರೆಸಿಕೊಂಡರು. ತಂಗಿ ಮಾತ್ರ ‘ಅಮ್ಮ ಯಾವಾಗ ಹಾಗಂದಳು?’ ಎಂದು ಕೇಳಿದಳು. ಯಂತ್ರ ಮಾರಿ 18 ವರ್ಷವಾಯಿತು. ಆ ಹಣದಲ್ಲೇ ನನ್ನ ಕಾಲೇಜಿನ ಶುಲ್ಕ ಕಟ್ಟಿದ್ದು. ಇಷ್ಟು ಹಳೆಯದನ್ನು ಬರೆಯುವಾಗ ಸ್ವಲ್ಪ ಸೇರಿಸಿದರೆ ತಪ್ಪೇ? ಸೇರಿಸದಿದ್ದರೆ ಓದುಗರನ್ನು ಮುಟ್ಟುವುದಾದರೂ ಹೇಗೆ?”)

ಪ್ರಿಯ ಓದುಗರೇ,

ನಿಮ್ಮ ತಂಗಿ ಕೇಳಿದ್ದನ್ನು ನೀವು ಹೇಳದೇ ಇದ್ದಿದ್ದರೆ ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ನೀವು ಬಿಚ್ಚಿ ಬರೆದಿದ್ದೀರಿ, ನಾವೂ ಬಿಚ್ಚಿಯೇ ಹೇಳುತ್ತೇವೆ.

ಮಳೆಯ ವಿಷಯ ಸಣ್ಣದು. ಅದರಿಂದ ಯಾರಿಗೂ ನೋವಿಲ್ಲ. ಆದರೆ ಆ ಮಳೆ ನಿಮ್ಮದಲ್ಲ. ದುಃಖಕ್ಕೆ ಮಳೆ, ಅಗಲಿಕೆಗೆ ಮುಸ್ಸಂಜೆ, ಸಾವಿಗೆ ಆರಿದ ದೀಪ, ಇವೆಲ್ಲ ಎಷ್ಟೋ ಕೈ ದಾಟಿ ಬಂದ ಸಾಮಾನು. ಆ ದಿನ ಬಿಸಿಲಿದ್ದರೆ ಬಿಸಿಲು ಎಂದೇ ಬರೆಯಿರಿ. ನೆನಪಿಲ್ಲದಿದ್ದರೆ ಹವಾಮಾನದ ಮಾತೇ ಬೇಡ, ಪ್ರಬಂಧಕ್ಕೆ ಅದರಿಂದ ಏನೂ ಕಮ್ಮಿಯಾಗುವುದಿಲ್ಲ.

ಅಮ್ಮನ ಬಾಯಿಗೆ ಹಾಕಿದ ಮಾತು ಹಾಗಲ್ಲ. ಆಕೆ ಸುಮ್ಮನಿದ್ದರು. ಸುಮ್ಮನಿದ್ದ ಹೆಂಗಸನ್ನು ನೀವು ಮಾತಾಡುವ ಹೆಂಗಸಾಗಿ ಮಾಡಿದಿರಿ, ಅದೂ ಸಿನಿಮಾದ ಮಾತು. ತಂಗಿಗೆ ಚುಚ್ಚಿದ್ದು ಅದೇ, ತನ್ನ ಅಮ್ಮ ಅಲ್ಲಿ ಕಾಣಲಿಲ್ಲ. ನಿಮ್ಮ ಪ್ರಬಂಧದ ನಾಲ್ಕನೆಯ ಪ್ಯಾರಾದಲ್ಲಿ ಒಂದು ವಾಕ್ಯವಿದೆ: “ಯಂತ್ರ ಎತ್ತುವ ಮುಂಚೆ ಅಮ್ಮ ಬಾಬಿನ್ ತೆಗೆದುಕೊಂಡಳು.” ಆರೇ ಪದ, ಆಮೇಲೆ ನೀವು ಮಳೆಗೆ ಹೋಗಿಬಿಟ್ಟಿರಿ. ಬಾಬಿನ್ ಎಂದರೆ ಯಂತ್ರದಲ್ಲಿ ಸೂಜಿಯ ಕೆಳಗೆ ಕೂರುವ, ದಾರ ಸುತ್ತಿದ ಸಣ್ಣ ಉರುಳೆ. ಅದನ್ನು ತೆಗೆಯುವುದು ಒಂದೇ ಏಟಿಗೆ ಆಗುವ ಕೆಲಸವಲ್ಲ. ಸೂಜಿಯ ಕೆಳಗಿನ ತಗಡು ಸರಿಸಬೇಕು, ಬಾಬಿನ್ ಕೂತಿರುವ ಕೇಸನ್ನು ಉಗುರಿನಿಂದ ಹಿಡಿದು ಹೊರಗೆಳೆಯಬೇಕು, ಮೇಲೆ ಬಂದಿರುವ ದಾರ ಕತ್ತರಿಸಬೇಕು. ಕೊಂಡವರು ಬಾಗಿಲಲ್ಲಿ ಕಾಯುತ್ತಿರುವಾಗ ಆಕೆ ಇಷ್ಟೂ ಮಾಡಿದ್ದಾರೆ. ಇನ್ನೊಂದು ಬಾಬಿನ್ ಹಾಕದೆ ಆ ಯಂತ್ರದಲ್ಲಿ ಹೊಲಿಗೆ ಬೀಳುವುದಿಲ್ಲ. ‘ಅರ್ಧ ಜೀವ’ ಹೇಳಲು ಹೊರಟದ್ದನ್ನು ಆ ಕೈ ಆಗಲೇ ಹೇಳಿಯಾಗಿದೆ. ಮಾತನ್ನು ಕಿತ್ತುಹಾಕಿ, ಆ ಕೈಗೆ ಮೂರು ನಾಲ್ಕು ವಾಕ್ಯ ಕೊಡಿ.

ಈಗ ದೊಡ್ಡ ವಿಷಯ. ಯಂತ್ರ ಮಾರಿದ ಹಣ ನಿಮ್ಮ ಶುಲ್ಕಕ್ಕೆ ಹೋಯಿತು ಎಂದು ಪತ್ರದಲ್ಲಿ ಹಾಗೇ ಹೇಳಿ ಮುಂದೆ ಹೋಗಿದ್ದೀರಿ. ಪ್ರಬಂಧದಲ್ಲಿ ಅದು ಎಲ್ಲೂ ಇಲ್ಲ. ಅಲ್ಲಿ ‘ನಾನು’ ಎಂಬವಳು ಬಾಗಿಲ ಮರೆಯಲ್ಲಿ ನಿಂತು ಮರುಗುವವಳು ಮಾತ್ರ. ಸೇರಿಸಿದ ಮಳೆಗಿಂತ, ಸೇರಿಸಿದ ಮಾತಿಗಿಂತ, ಬಿಟ್ಟ ಈ ಒಂದು ಸಂಗತಿಯೇ ನಮ್ಮ ಲೆಕ್ಕದಲ್ಲಿ ದೊಡ್ಡ ಸುಳ್ಳು. ನೀವು ಬೇಕೆಂದೇ ಬಿಟ್ಟಿರಿ ಎನ್ನುತ್ತಿಲ್ಲ. ತನ್ನ ಬಗ್ಗೆ ಬರೆಯುವವರ ಕೈ ತಾನಾಗಿಯೇ ಹೀಗೆ ತಪ್ಪುತ್ತದೆ, ‘ನಾನು’ ಯಾವಾಗಲೂ ನೋಡುವವನು, ನೋಯುವವನು, ಕ್ಷಮಿಸುವವನು. ಪ್ರಬಂಧ ಮುಗಿಸಿದ ಮೇಲೆ ‘ನಾನು’ ಬರುವ ವಾಕ್ಯಗಳಿಗೆಲ್ಲ ಅಡಿಗೆರೆ ಎಳೆದು, ಅವನ್ನಷ್ಟೇ ಒಟ್ಟಿಗೆ ಓದಿ ನೋಡಿ. ಒಂದು ಕಡೆಯೂ ಆ ವ್ಯಕ್ತಿಗೆ ಲಾಭವಾಗಿಲ್ಲ, ಒಂದು ಕಡೆಯೂ ಅವರು ತಪ್ಪಿಲ್ಲ ಎಂದಾದರೆ ಏನೋ ಬಿಟ್ಟುಹೋಗಿದೆ. ಶುಲ್ಕದ ಮಾತು ಸೇರಿದರೆ ಬಾಬಿನ್ನಿನ ತೂಕವೇ ಬೇರೆ. ಓದುಗರನ್ನು ಮುಟ್ಟುವುದು ಹೇಗೆ ಎಂದು ಕೇಳಿದ್ದೀರಲ್ಲ, ನಿಮ್ಮ ಪತ್ರ ನಮ್ಮನ್ನು ಮುಟ್ಟಿದ್ದು ಆ ವಾಕ್ಯದಲ್ಲೇ.

ಹಳೆಯದನ್ನು ಬರೆಯುವಾಗ ಪದಗಳ ಬಗ್ಗೆ ಇನ್ನೊಂದು ಎಚ್ಚರ ಬೇಕು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ತುಣುಕು ಚಿತ್ರ ತೋರಿಸಿ ಪ್ರಶ್ನೆ ಕೇಳಿದರು. 50 ಜನರಿಗೆ ‘ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?’ ಎಂಬರ್ಥದ ಪ್ರಶ್ನೆ, ಇನ್ನು 50 ಜನರಿಗೆ ‘ಅಪ್ಪಳಿಸಿದಾಗ ಎಷ್ಟಿತ್ತು?’ ಎಂಬರ್ಥದ್ದು. ವಾರ ಬಿಟ್ಟು, ಒಡೆದ ಗಾಜು ಕಂಡಿತ್ತೇ ಎಂದು ವಿಚಾರಿಸಿದರು. ಮೊದಲ ಗುಂಪಿನಲ್ಲಿ 7 ಜನ, ಎರಡನೆಯದರಲ್ಲಿ 16 ಜನ ಹೌದು ಅಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಕಿವಿಗೆ ಬಿದ್ದ ಒಂದು ಕ್ರಿಯಾಪದ ನೆನಪನ್ನೇ ತಿದ್ದಿತ್ತು. ‘ಯಂತ್ರವನ್ನು ಕಿತ್ತುಕೊಂಡು ಹೋದರು’ ಎಂದು ನಾಲ್ಕು ಸಲ ತಿದ್ದಿ ಬರೆದರೆ, ಐದನೆಯ ಸಲಕ್ಕೆ ಅವರು ನಿಜವಾಗಿಯೂ ಕಿತ್ತುಕೊಂಡ ಹಾಗೇ ನಿಮಗೆ ನೆನಪಾಗುತ್ತದೆ. ಅವರು ದುಡ್ಡು ಕೊಟ್ಟು ಒಯ್ದವರು.

ಅದಕ್ಕೇ ಪ್ರಬಂಧಕ್ಕೆ ಕೈ ಹಾಕುವ ಮೊದಲು ಒಂದು ಒಣ ಟಿಪ್ಪಣಿ ಮಾಡಿಕೊಳ್ಳಿ. ಒಂದು ಪುಟ ಸಾಕು. ಯಾರಿದ್ದರು, ಯಾವ ಹೊತ್ತು, ಏನೇನು ಇತ್ತು, ಏನು ಕೇಳಿಸಿತು, ಗುಣವಾಚಕ ಒಂದೂ ಬೇಡ. ಪ್ರತಿ ಸಾಲಿನ ಪಕ್ಕದಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಊಹೆ’ ಎಂದು ಗುರುತು ಹಾಕಿ. ನೆನಪಿಲ್ಲದ ಕಡೆ ಖಾಲಿ ಬಿಡಿ, ತುಂಬಿಸಬೇಡಿ. ಆಮೇಲೆ ಎಷ್ಟು ಸಲ ತಿದ್ದಿದರೂ ಈ ಪುಟವನ್ನು ಮಾತ್ರ ಮುಟ್ಟಬೇಡಿ. ಕೊನೆಯ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿ. ಊಹೆ ಕಂಡದ್ದಾಗಿ ಬದಲಾದ ಜಾಗ ಅಲ್ಲೇ ಸಿಗುತ್ತದೆ.

ಊಹೆ ಬರೆಯಲೇಬಾರದು ಎಂದಲ್ಲ. ನಮ್ಮ ಭಾಷೆ ಅದಕ್ಕೆ ಬೇಕಾದ್ದನ್ನೆಲ್ಲ ಕೊಟ್ಟಿದೆ. ‘ಅತ್ತಳು’ ಎಂದರೆ ಕಂಡದ್ದು, ‘ಅತ್ತಳಂತೆ’ ಎಂದರೆ ಇನ್ನೊಬ್ಬರು ಹೇಳಿದ್ದು, ‘ಅತ್ತಿರಬೇಕು’ ಎಂದರೆ ನಿಮ್ಮ ಊಹೆ. ಒಂದು ಪ್ರತ್ಯಯದಲ್ಲಿ ಪ್ರಾಮಾಣಿಕತೆ ಮುಗಿಯುತ್ತದೆ, ವಾಕ್ಯದ ಲಯವೂ ಕೆಡುವುದಿಲ್ಲ. ಸಾಲಿಗೊಂದು ‘ಇರಬೇಕು’ ಬಂದರೆ ಮಾತ್ರ ಬರಹ ಜೋಲುತ್ತದೆ. ಪ್ಯಾರಾದ ಮೊದಲಿಗೆ ಒಮ್ಮೆ ಹೇಳಿ ಮುಂದುವರಿಯಿರಿ. ಉದ್ಧರಣ ಚಿಹ್ನೆಯ ವಿಷಯದಲ್ಲಿ ನಾವು ಸ್ವಲ್ಪ ಬಿಗಿ: ಆಡಿದ ಪದವೇ ನೆನಪಿದ್ದರೆ ಚಿಹ್ನೆ ಹಾಕಿ, ಅರ್ಥ ಮಾತ್ರ ನೆನಪಿದ್ದರೆ ‘ಎಂಬಂಥ ಮಾತು’ ಎನ್ನಿ. 18 ವರ್ಷದ ಹಿಂದಿನ ಸಂಭಾಷಣೆ ಹತ್ತು ಸಾಲು ಚಿಹ್ನೆಯೊಳಗೆ ಬಂದರೆ ಯಾವ ಓದುಗರೂ ನಂಬುವುದಿಲ್ಲ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ.

ಹೆಸರು, ಊರು ಬದಲಾಯಿಸುವುದಕ್ಕೆ ನಮ್ಮ ತಕರಾರಿಲ್ಲ, ಕೊನೆಯಲ್ಲಿ ಒಂದು ಸಾಲಿನಲ್ಲಿ ತಿಳಿಸಿ. ಇಬ್ಬರನ್ನು ಸೇರಿಸಿ ಒಬ್ಬರನ್ನಾಗಿ ಮಾಡಬೇಕು, ಮಳೆ ಬೇಕು, ಆ ಮಾತೂ ಬೇಕು ಎನಿಸಿದರೆ ಮೇಲೆ ‘ಕಥೆ’ ಎಂದು ಬರೆದು ಕಳಿಸಿ. ಕಥೆಗೆ ಅದೆಲ್ಲ ಸಲ್ಲುತ್ತದೆ. ಪ್ರಬಂಧ ಎಂದು ಕರೆದ ಕ್ಷಣ ಓದುಗರು ‘ಇದು ನಡೆದದ್ದು’ ಎಂದು ನಂಬಿಯೇ ಮುಂದಿನ ಸಾಲಿಗೆ ಬರುತ್ತಾರೆ.

ಪ್ರಾಮಾಣಿಕತೆ ಎಂದರೆ ಮನೆಯದ್ದೆಲ್ಲ ಬೀದಿಗೆ ಹಾಕುವುದೂ ಅಲ್ಲ. ಹಣದ ಕಷ್ಟ ನಿಮ್ಮೊಬ್ಬರದಲ್ಲ, ಅಮ್ಮನದೂ ಹೌದು. ಅಚ್ಚಿಗೆ ಕೊಡುವ ಮುಂಚೆ ಅಮ್ಮನಿಗೆ ಓದಿ ಹೇಳಿ. ‘ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ಎಲ್ಲಿ ತಪ್ಪಿದೆ? ಯಾವುದು ಬೇಡ?’ ಎಂದು ಕೇಳಿ. ಸಂಗತಿ ತಪ್ಪಿದ್ದರೆ ತಿದ್ದಿ. ಬೇಡ ಎಂದದ್ದನ್ನು ತೆಗೆಯಿರಿ. ತೆಗೆದರೆ ಪ್ರಬಂಧವೇ ಉಳಿಯುವುದಿಲ್ಲ ಎಂದಾದರೆ ಸದ್ಯಕ್ಕೆ ಒಳಗಿಡಿ. ಆದರೆ ನಿಮ್ಮ ಅನಿಸಿಕೆಯನ್ನು ಅವರಿಗೆ ಹಿತವಾಗಲಿ ಎಂದು ಬದಲಾಯಿಸಬೇಕಿಲ್ಲ.

ಕಣ್ಣೊರೆಸಿಕೊಂಡ ಗೆಳೆಯರ ಬಗ್ಗೆ ಒಂದು ಮಾತು. ಅವರ ಕಣ್ಣೀರು ಸುಳ್ಳಲ್ಲ. ಆದರೆ ಮುಂದಿನ ಪ್ರಬಂಧ ಬರೆಯುವಾಗ ಕೈ ಮತ್ತೆ ಅದನ್ನೇ ಹುಡುಕುತ್ತದೆ, ಅಪಾಯವಿರುವುದು ಅಲ್ಲಿ. ಓದಿ ಎರಡು ದಿನವಾದ ಮೇಲೆ ಅವರನ್ನೇ ಕೇಳಿ: ಯಾವ ಸಾಲು ನೆನಪಿದೆ? ಎಲ್ಲಿ ಬೇಸರವಾಗಿ ನಿಲ್ಲಿಸಬೇಕು ಅನಿಸಿತು? ಮಳೆ ನೆನಪಿದೆ ಅಂದರೆ ನಮಗೆ ಆಶ್ಚರ್ಯವಾಗುತ್ತದೆ. ಪ್ರಕಟವಾದ ಮೇಲೆ ಓದುಗರು ಪತ್ರ ಬರೆದರೆ ಬರೀ ‘ಧನ್ಯವಾದ’ ಎಂದು ಮುಗಿಸಬೇಡಿ. ಅವರು ಎತ್ತಿದ ಒಂದು ಸಾಲನ್ನಾದರೂ ಹಿಡಿದು ಉತ್ತರಿಸಿ. ತಪ್ಪು ತೋರಿಸಿದರೆ ಯಾವ ವಾಕ್ಯ, ಸರಿ ಏನು ಎಂದು ಎರಡೇ ಸಾಲಿನಲ್ಲಿ ನಮಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ.

ಪ್ರಬಂಧವನ್ನು ವಾಪಸು ಕಳಿಸುತ್ತಿದ್ದೇವೆ, ತಿರಸ್ಕರಿಸಿಲ್ಲ. ಕೊನೆಯ ಪ್ಯಾರಾ ಪೂರ್ತಿ ಹೊಡೆದಿದ್ದೇವೆ. ‘ಅಮ್ಮಂದಿರ ತ್ಯಾಗ’ದ ಬಗ್ಗೆ ಇರುವ ಆ ಐದು ವಾಕ್ಯ ಯಾರು ಬೇಕಾದರೂ ಬರೆಯಬಹುದಾದದ್ದು. ಈಗಿರುವ ಉದ್ದವೇ ಸಾಕು, ಶುಲ್ಕದ ಸಂಗತಿಗೆ ಮಳೆಯ ಜಾಗ ಕೊಡಿ. ತಿದ್ದಲು ಕೂರುವ ಮೊದಲು ತಂಗಿಗೆ ಫೋನ್ ಮಾಡಿ, ಆ ಬಾಬಿನ್ನಿನಲ್ಲಿ ಯಾವ ಬಣ್ಣದ ದಾರವಿತ್ತು ಎಂದು ಕೇಳಿ. ಅವರಿಗೆ ನೆನಪಿದ್ದರೆ ಬರೆಯಿರಿ, ಯಾರು ಹೇಳಿದ್ದು ಎಂಬುದನ್ನೂ ಸೇರಿಸಿ. ಇಬ್ಬರಿಗೂ ನೆನಪಿಲ್ಲದಿದ್ದರೆ ದಾರಕ್ಕೆ ಬಣ್ಣ ಬೇಡ.

— ಸಂಪಾದಕರು