ಮಾತ್ರೆ ಕೆಟ್ಟದ್ದಲ್ಲ, ಹೊತ್ತು ತಪ್ಪಿದೆ

ನಿಮ್ಮ ತಮ್ಮ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಸೇದಿ ಮೂರೇ ಗಂಟೆಗೆ ಆ ಚಟ ಬಿಡಿಸೋ ಬುಪ್ರೆನಾರ್ಫಿನ್ ಮಾತ್ರೆ ನಾಲಿಗೆ ಕೆಳಗೆ ಇಟ್ಟುಕೊಂಡ, ಆಮೇಲೆ ವಾಂತಿ, ನಡುಕ ಅಂದಿರಲ್ಲ, ಹೆಚ್ಚಾಗಿ ಆ ಅವಸರವೇ ಕಾರಣ. ಮೈಯಲ್ಲಿ ಇನ್ನೂ ಉಳಿದಿರುವ ಹೆರಾಯಿನ್ನನ್ನು ಈ ಮಾತ್ರೆ ಒಮ್ಮೆಗೇ ತಳ್ಳಿ ತಾನು ಕೂರುತ್ತದೆ, ಆದರೆ ಅಷ್ಟು ಅಮಲು ಕೊಡುವುದಿಲ್ಲ, ಅದಕ್ಕೇ ಆ ವಾಂತಿ, ನಡುಕ. ವಾಂತಿ ಇನ್ನೂ ನಿಂತಿಲ್ಲವಾದರೆ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಏನು ಸೇದಿದ್ದ ಅಂತ ಮುಚ್ಚಿಡದೆ ಹೇಳಿ. ಮುಂದಿನ ಸಲ ಕನಿಷ್ಠ 12 ಗಂಟೆ ಬಿಟ್ಟು, ಆಕಳಿಕೆ, ಮೂಗು ಸೋರೋದು, ಮೈ ರೋಮ ಏಳೋದು ಶುರುವಾದ ಮೇಲೆ ಡಾಕ್ಟರ್ ಹೇಳಿದಷ್ಟೇ ಕೊಡಿ. ನಾಲಿಗೆ ಕೆಳಗೆ ತಾನಾಗೇ ಕರಗಲಿ, ನುಂಗಬಾರದು. ಜೊತೆಗೆ ಹೆಂಡ, ನಿದ್ದೆ ಮಾತ್ರೆ ಬೇಡವೇ ಬೇಡ, ಉಸಿರೇ ನಿಲ್ಲಬಹುದು. ಇನ್ನೊಂದು, ಬಿಟ್ಟು ಕೆಲವು ವಾರ ಆದ ಮೇಲೆ ಹಳೇ ಅಳತೆಯಲ್ಲೇ ಸೇದಿದರೆ ಜೀವಕ್ಕೇ ಅಪಾಯ. ಹತ್ತಿರದ ಚಟ ಬಿಡಿಸೋ ಸೆಂಟರ್ ಗೊತ್ತಿಲ್ಲದಿದ್ದರೆ ಸರ್ಕಾರದ ಸಹಾಯವಾಣಿ 14446ಕ್ಕೆ ಫೋನ್ ಮಾಡಿ, ದುಡ್ಡು ಬೇಡ.