ಸ್ಟ್ರೀಟ್ ಫೈಟರ್ ಆಟದ ಸರಣಿ ಬೆಳೆದು ಬಂದದ್ದು ಹೇಗೆ?

ಜಪಾನಿನ ಕ್ಯಾಪ್‌ಕಾಮ್ ಕಂಪನಿ ಇಬ್ಬರು ಎದುರುಬದುರಾಗಿ ಕಾದಾಡುವ ವಿಡಿಯೊ ಗೇಮ್ ಆದ ಮೊದಲ ಸ್ಟ್ರೀಟ್ ಫೈಟರ್ ಆಟವನ್ನು 1987ರಲ್ಲಿ ಹೊರತಂದಿತು. ನಾಣ್ಯ ಹಾಕಿ ಆಡುವ ಅದರ ಯಂತ್ರಗಳಲ್ಲಿ ಒಂದು ಬಗೆಯದರಲ್ಲಿ ಎರಡು ದೊಡ್ಡ ಗುಂಡಿಗಳಿದ್ದು, ಆಟಗಾರ ಎಷ್ಟು ಜೋರಾಗಿ ಗುದ್ದುತ್ತಾನೋ ಪರದೆಯ ಮೇಲಿನ ಏಟೂ ಅಷ್ಟೇ ಬಲವಾಗಿರುತ್ತಿತ್ತು. ಆದರೆ ಮುಂದೆ ಉಳಿದುಕೊಂಡದ್ದು ಆರು ಬಟನ್‌ಗಳ ವ್ಯವಸ್ಥೆ.

ಸರಣಿಗೆ ನಿಜವಾದ ಜೀವ ಬಂದದ್ದು 1991ರ ಸ್ಟ್ರೀಟ್ ಫೈಟರ್ 2ರಿಂದ. ಭಾರತದ ಯೋಗಿ ಧಾಲ್ಸಿಮ್ ಸೇರಿದಂತೆ ಎಂಟು ಮಂದಿಯಲ್ಲಿ ಬೇಕಾದವರನ್ನು ಆರಿಸಿಕೊಳ್ಳಬಹುದಿತ್ತು, ಒಬ್ಬೊಬ್ಬರ ವರಸೆಯೂ ಬೇರೆಯಾಗಿತ್ತು. ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಕೊಡುಗೆ ಆಕಸ್ಮಿಕವಾದದ್ದು: ಕಾರನ್ನು ಜಜ್ಜುವ ಬೋನಸ್ ಹಂತವನ್ನು ಪರಿಶೀಲಿಸುತ್ತಿದ್ದ, ಆಟದ ತಯಾರಿ ತಂಡದ ನೊರಿಟಾಕಾ ಫುನಾಮಿಜು ಅವರಿಗೆ, ಸರಿಯಾದ ಕ್ಷಣದಲ್ಲಿ ಬಟನ್ ಒತ್ತಿದರೆ ಒಂದು ಏಟಿನ ಬೆನ್ನಿಗೇ ಮತ್ತೊಂದು ಏಟು ಬೀಳುವುದು ಕಂಡಿತು. ಅದನ್ನು ಅಳಿಸದೆ ಆಟದಲ್ಲೇ ಬಿಟ್ಟದ್ದರಿಂದ, ಇಂದು ಕಾಂಬೊ ಎಂದು ಕರೆಯುವ ಏಟುಗಳ ಸರಪಳಿ ಈ ಬಗೆಯ ಆಟಗಳ ಜೀವಾಳವಾಯಿತು.

ಮೊದಲ ಆಟವನ್ನು ನಿರ್ದೇಶಿಸಿದ್ದ ತಕಾಶಿ ನಿಶಿಯಾಮಾ ಅಷ್ಟರಲ್ಲಿ ಜಪಾನಿನ ಮತ್ತೊಂದು ಆಟದ ಕಂಪನಿಯಾದ ಎಸ್‌ಎನ್‌ಕೆ ಸೇರಿ, ಅದೇ 1991ರಲ್ಲಿ ಪ್ರತಿಸ್ಪರ್ಧಿಯಾದ ಫೇಟಲ್ ಫ್ಯೂರಿಯನ್ನು ರೂಪಿಸಿದರು. ಸ್ಟ್ರೀಟ್ ಫೈಟರ್ ಸರಣಿಯ ಮೂರನೆಯ ಭಾಗ 1997ರಲ್ಲೂ, ಬಹುಕಾಲದ ನಂತರ ನಾಲ್ಕನೆಯದು 2008ರಲ್ಲೂ, ಐದನೆಯದು 2016ರಲ್ಲೂ, ಆರನೆಯದು 2023ರಲ್ಲೂ ಬಂದವು.