ಕೌನ್ಸೆಲರ್ ಬರೀ ಕೇಳಿಸ್ಕೋತಾರೆ, ಏನೂ ಹೇಳಲ್ಲ!

ಪ್ರಶ್ನೆ: ಹೋದ ಮಳೆಗಾಲ ಕೊಳೆ ರೋಗ ಬಂದು ಅಡಿಕೆ ಅರ್ಧಕ್ಕರ್ಧ ಉದುರಿಹೋಯ್ತು. ಆಮೇಲಿಂದ ನಿದ್ದೆ ಇಲ್ಲ, ಸುಮ್‌ಸುಮ್ನೆ ಅಳು ಬರತ್ತೆ. ಶಿವಮೊಗ್ಗದಲ್ಲಿ ಕೌನ್ಸೆಲರ್ ಹತ್ರ ಮೂರು ಸಲ ಹೋದೆ, ಹಿಂಗ್ ಮಾಡಿ ಅಂತ ಒಂದು ಮಾತೂ ಹೇಳಲ್ಲ. ಅತ್ತೆ ಅಂತ್ರ ಕಟ್ಟಿಸಿದ್ರು, ಅವತ್ತು ರಾತ್ರಿ ನಿದ್ದೆ ಬಂತು! ಹಂಗಾದ್ರೆ ಎಲ್ಲಾ ನಂಬಿಕೆ ಮೇಲೇನಾ? ನಂಬಿಕೆ ಇಲ್ದೆ ಹೋದ್ರೆ ದುಡ್ಡು ದಂಡಾನಾ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಆ ರಾತ್ರಿ ನಿದ್ದೆ ಬಂದಿದ್ದು ಸುಳ್ಳಲ್ಲ. ಅಮೆರಿಕದ ಸೈಕಿಯಾಟ್ರಿಸ್ಟ್ ಜೆರೋಮ್ ಫ್ರಾಂಕ್ 1961ರಲ್ಲೇ ಬರೆದಿದ್ರು, ಮಂತ್ರ ಹಾಕೋರಾಗ್ಲಿ ಥೆರಪಿಸ್ಟಾಗ್ಲಿ, ಕೈಚೆಲ್ಲಿ ಕೂತವ್ರಿಗೆ ಇದಕ್ಕೊಂದು ದಾರಿ ಇದೆ ಅನ್ನೋ ಆಸೆ ಹುಟ್ಟಿಸೋದು ಇಬ್ರ ಕೆಲ್ಸಾನೂ ಹೌದು ಅಂತ. ಅದೂ ಅಲ್ದೆ ನಿಮ್ಗೋಸ್ಕರ ಅತ್ತೆ ಓಡಾಡಿದ್ರಲ್ಲ, ಅದೇನು ಸಣ್ಣದಾ?

ಆದ್ರೆ ಎಲ್ಲಾ ನಂಬಿಕೆ ಮೇಲೇ ಅಂತೇನಿಲ್ಲ. 2018ರಲ್ಲಿ ಹಲವು ಸ್ಟಡಿ ಸೇರಿಸಿ ಥೆರಪಿಗೆ ಹೋದ 12 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ನೋಡಿದಾಗ, ವಾಸಿಯಾಗತ್ತೆ ಅಂದ್ಕೊಂಡು ಬಂದವ್ರು ಹೆಚ್ಚು ಸುಧಾರಿಸಿದ್ದು ಕಂಡ್ತು, ಆದ್ರೆ ವ್ಯತ್ಯಾಸ ಅಂಥಾ ದೊಡ್ಡದೇನಲ್ಲ. ಅನುಮಾನ ಇಟ್ಕೊಂಡು ಬಂದವ್ರೂ ಸುಧಾರಿಸ್ತಾರೆ.

ನಂಗನ್ಸೋದು, ನಿಮ್ಗೆ ನಂಬಿಕೆ ಇಲ್ದೇ ಇರೋದಲ್ಲ ತೊಂದ್ರೆ, ನೀವು ಕಾಯ್ತಿರೋದೇ ಒಂದು, ಅಲ್ಲಿ ಸಿಗ್ತಿರೋದೇ ಇನ್ನೊಂದು. ನಾನೂ ಕೌನ್ಸೆಲರ್ರೇ, ಹೊಸದಾಗಿ ಕೂತಾಗ ತೀರ್ಥಹಳ್ಳಿ ಕಡೆಯ ಅಜ್ಜಿಯೊಬ್ರು ಎಲೆಅಡಿಕೆ ಸಂಚಿ ಮಡಿಲಲ್ಲಿಟ್ಕೊಂಡು ಅರ್ಧ ಗಂಟೆ ಮಾತಾಡಿ, ಕೊನೆಗೆ, 'ಎಲ್ಲಾ ನಾನೇ ಹೇಳದಾದ್ರೆ ನೀ ಎಂತಕ್ಕೆ ಕೂತಿದೀಯಾ ಮಾರಾಯ?' ಅಂದ್ರು. ಸರಿಯಾಗೇ ಕೇಳಿದ್ರು! ದಾರಿ ನೀವೇ ಹುಡುಕ್ಕೊಳ್ಳಿ ಅನ್ನೋ ಪದ್ಧತಿ ಪಶ್ಚಿಮದವ್ರಿಂದ ಬಂದಿದ್ದು, ನಮ್ಮವ್ರು ಬರೋದು ಹಿರಿಯರು ಬುದ್ಧಿ ಹೇಳ್ತಾರೆ ಅಂತ. ನಮ್ಮ ದೇಶದ ಸೈಕಿಯಾಟ್ರಿಸ್ಟ್ ಜೆ.ಎಸ್. ನೇಕಿ 1973ರಲ್ಲೇ, ಗುರು-ಶಿಷ್ಯ ಸಂಬಂಧಾನೇ ಇಲ್ಲಿನ ಥೆರಪಿಗೆ ಮಾದರಿ ಆಗ್ಬಹುದು ಅಂತ ವಾದಿಸಿದ್ರು. ನಾನಂತೂ ಈಗ ಮೊದಲ ದಿನಾನೇ ಕೇಳ್ಬಿಡ್ತೀನಿ, ಏನು ಅಂದ್ಕೊಂಡು ಬಂದ್ರಿ ಅಂತ.

ನಿಮ್ಮನ್ನ ಅವ್ರು ಕೇಳಿಲ್ಲ ಅಂದ್ರೆ ನೀವೇ ಹೇಳಿ. 'ಸಲಹೆ ಸಿಗತ್ತೆ ಅಂತ ಬಂದೆ, ಮಾತಾಡಿದ್ರೆ ನಿದ್ದೆ ಹೆಂಗೆ ಬರತ್ತೆ, ಇನ್ನೆಷ್ಟು ಸಲ ಬರ್ಬೇಕು' ಅಂತ ನೇರವಾಗೇ ಕೇಳಿ. ಬೇಜಾರು ಮಾಡ್ಕೊಳಲ್ಲ ಅವ್ರು. ಬಿಡಿಸಿ ಹೇಳಿದ್ರೆ ಇನ್ನೊಂದು ನಾಲ್ಕು ಸಲ ಹೋಗಿ ನೋಡಿ, ಹಾರಿಕೆ ಉತ್ತರ ಕೊಟ್ರೆ ಬೇರೆಯವ್ರನ್ನ ಹುಡುಕಿ. ಮಧ್ಯರಾತ್ರಿ ಜೀವಾನೇ ಬೇಡ ಅನ್ಸಿದ್ರೆ ಮಾತ್ರ ಕಾಯ್ಬೇಡಿ, ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ.

ಅಂತ್ರ ಬಿಚ್ಚೋದೇನೂ ಬೇಡ. ಕಟ್ಟಿದ ದಿನ ನಿದ್ದೆ ಬಂತು ಅನ್ನೋದನ್ನೂ ಕೌನ್ಸೆಲರ್‌ಗೆ ಹೇಳಿ.